ಬುಷ್ ನೂರಣ್ಣನ ಒಂದು ಪೆಟ್ಟಿಗೆ ಕತ್ತಲೆ

ಬೆಳಗಿನ ಐದೂವರೆ. ಮದ್ದೂರು ಚೆಕ್‌ಪೋಸ್ಟಿನ ಹಿಂದೆ ಲಾರಿಗಳು ಬಾಲ ಬೆಳೆಸಿಕೊಂಡು ನಿಂತಿವೆ. ವಡೆಯ ಮದ್ದೂರಲ್ಲ ಇದು. ಗುಂಡ್ಲುಪೇಟೆ ದಾಟಿ ವಯನಾಡಿನ ರಸ್ತೆ ಹಿಡಿದರೆ ಕಾಡಿಗೆ ಮುಂಚೆ ಸಿಗುವ ಮದ್ದೂರು. ರಾತ್ರಿ ಒಂಬತ್ತಕ್ಕೆ ಬಿದ್ದ ಗೇಟು ಆರಕ್ಕೆ ಏಳಬೇಕು. ಅಲ್ಲಿಯತನಕ ಲಾರಿಗಳಿಗೆ ಬಂಡೀಪುರದೊಳಗೆ ದಾರಿಯಿಲ್ಲ. ಡ್ರೈವರುಗಳು ಕಿಟಕಿಯಿಂದ ಕಾಲು ಹೊರಗೆ ಚಾಚಿ ಮಲಗಿದ್ದಾರೆ. ಎಚ್ಚರವಾಗಿರುವವರು ಕೆಲವರೇ; ಟೀ ಕಾಯಿಸುತ್ತಿರುವ ಚಿಕ್ಕಮಲ್ಲಮ್ಮ, ನಿದ್ದೆಗೆಟ್ಟು ಸಿಡುಕುತ್ತಿರುವ ನಾನು ಮತ್ತು ಒಂದು ಕಂಟೇನರ್ ಲಾರಿಯ ಹಿಂಬದಿಯಲ್ಲಿ ಹಣೆಗೆ ಟಾರ್ಚು ಕಟ್ಟಿಕೊಂಡು ನಿಂತಿರುವ ನೂರುಲ್ಲಾ.

ನೂರುಲ್ಲಾ ಕಂಟೇನರಿನ ಬಾಗಿಲಿಗೆ ಮೇಲಿನಿಂದ ಕೆಳಗಿನವರೆಗೆ ಹಾಕಿರುವ ಕಬ್ಬಿಣದ ರಾಡನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾರೆ. ಗಡಗಡ ಎನ್ನುತ್ತದೆ. ಪಕ್ಕದ್ದನ್ನು ಅಲ್ಲಾಡಿಸುತ್ತಾರೆ. ಅದೂ ಗಡಗಡ. ಅವರ ಮುಖದಲ್ಲಿ ಒಂದು ಬಗೆಯ ಸಮಾಧಾನ ಮೂಡುತ್ತದೆ; ಕಾಯಿಲೆ ಏನೆಂದು ಗೊತ್ತಾದ ಸಮಾಧಾನ.

“ಮುದುಕ್ರ ಹಲ್ಲು ಅಲ್ಲಾಡ್ದಂಗೆ ಅಲ್ಲಾಡ್ತಾವೆ ನೋಡಿ ಮೇಡಂ. ಹಲ್ಲಿಗೇನೂ ಆಗಿಲ್ಲ. ವಸಡು ಹೋಗೈತೆ, ಅಷ್ಟೇಯ.”

ಅವರ ಲೆಕ್ಕದಲ್ಲಿ ವಸಡೆಂದರೆ ಬುಷ್. ಹೆದ್ದಾರಿಯಲ್ಲಿ ಕಂಟೇನರ್ ಲಾರಿಗಳ ಹಿಂದೆ ಸಿಕ್ಕಿಕೊಂಡು ಗಂಟೆಗಟ್ಟಲೆ ತೆವಳುವ ನಮಗೆ ಅವುಗಳ ಬಾಗಿಲು ಬಾಯಿಪಾಠವಾಗಿರಬೇಕಿತ್ತು. ಆದರೆ ನೋಡಿದವರು ಯಾರು? ಎರಡು ಕದ, ಒಂದೊಂದು ಕದಕ್ಕೂ ಎರಡೆರಡು ರಾಡು. ಹ್ಯಾಂಡಲ್ ತಿರುಗಿಸಿದರೆ ರಾಡು ತಿರುಗುತ್ತದೆ, ಅದರ ತುದಿಗಳಲ್ಲಿರುವ ಕೊಕ್ಕೆಗಳು ಚೌಕಟ್ಟಿನ ಗೂಡಿಗೆ ಹೋಗಿ ಕೂರುತ್ತವೆ, ಕದ ರಬ್ಬರಿನ ಮೇಲೆ ಬಿಗಿಯಾಗಿ ಒತ್ತುತ್ತದೆ. ರಾಡನ್ನು ಕದಕ್ಕೆ ಹಿಡಿದಿಡುವ ಪಟ್ಟಿಗಳೊಳಗೆ ಎಳೆ ಮಗುವಿನ ಬಳೆಯಷ್ಟು ಗಾತ್ರದ ಕಪ್ಪು ನೈಲಾನ್ ಉಂಗುರ ಇರುತ್ತದೆ. ಅದೇ ಬುಷ್. ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ನಡುವೆ ನಿಂತು ತಾನು ಸವೆಯುವುದು ಅದರ ಕೆಲಸ. ಅದು ಸವೆದರೆ ರಾಡು ಅಲ್ಲಾಡುತ್ತದೆ, ಕೊಕ್ಕೆ ಪೂರ್ತಿ ಕೂರುವುದಿಲ್ಲ, ರಬ್ಬರು ಒತ್ತುವುದಿಲ್ಲ, ಮಳೆ ಬಂದರೆ ನೀರು ಸೀದಾ ಒಳಗೆ. ತುಕ್ಕು ಹಿಡಿದು ಕಚ್ಚಿಕೊಂಡರಂತೂ ನಾಲ್ಕು ಜನ ಹ್ಯಾಂಡಲ್ಲಿಗೆ ಜೋತುಬಿದ್ದು ಜಪ್ಪಯ್ಯ ಎಂದರೂ ಬಾಗಿಲು ತೆರೆಯುವುದಿಲ್ಲ.

ನೂರುಲ್ಲಾ ಬಲಗೈ ಹಿಂದಕ್ಕೆ ಚಾಚುತ್ತಾರೆ. ಏನು ಬೇಕೆಂದು ಹೇಳುವ ಮೊದಲೇ ಆ ಕೈಗೆ ಸ್ಪ್ಯಾನರ್ ಬಂದು ಕೂರುತ್ತದೆ. ಕೊಟ್ಟವರು ಹೆಂಡತಿ ಜಾಹಿದಾ. ಬೋರಲು ಹಾಕಿದ ಎಣ್ಣೆ ಡಬ್ಬದ ಮೇಲೆ ಸೆರಗು ಹೊದ್ದು ಕೂತಿದ್ದಾರೆ. ಎಡಗಣ್ಣಿಗೆ ಬಿಳಿ ಪಟ್ಟಿ. ಒಂದು ಕೈಯಲ್ಲಿ ಸ್ಪ್ಯಾನರುಗಳ ಚೀಲ, ಇನ್ನೊಂದು ಮುಷ್ಟಿಯಲ್ಲಿ ಲಾರಿಯ ಕೀಲಿ. ಆ ಕೀಲಿ ಅವರ ಕೈಗೆ ಬರುವ ತನಕ ನೂರುಲ್ಲಾ ನಟ್ಟು ಮುಟ್ಟುವುದಿಲ್ಲ. ಈ ರಸ್ತೆಯ ಕಂಟೇನರ್ ಡ್ರೈವರುಗಳಿಗೆಲ್ಲ ಇದು ಗೊತ್ತಿರುವ ಕಟ್ಟಳೆ. ಕೂಲಿ ಕೊಡದೆ ಲಾರಿ ಓಡಿಸಿಕೊಂಡು ಹೋದರೆ ಎಂಬ ಭಯಕ್ಕೆ ಇರಬೇಕು ಎಂದು ನಾನು ಎಣಿಸಿದ್ದೆ. ಸಂಗತಿ ಬೇರೆಯೇ ಇದೆ.

ಇವತ್ತು ಕೆಲಸ ಮುಗಿದ ಮೇಲೆ ನೂರುಲ್ಲಾ ಈ ಖಾಲಿ ಪೆಟ್ಟಿಗೆಯ ಒಳಗೆ ಹೋಗಬೇಕು. ಹೊರಗಿನಿಂದ ಬಾಗಿಲು ಹಾಕಬೇಕು. ಎರಡು ವರ್ಷದಿಂದ ಅವರು ಹೋಗಿಲ್ಲ, ಹೋಗಲು ಆಗಿಲ್ಲ. ಇವತ್ತೂ ಆಗದಿದ್ದರೆ ಈ ಕಸುಬೇ ಬೇಡ, ಅಂಗಡಿಗಳ ರೋಲಿಂಗ್ ಶಟರ್ ರಿಪೇರಿಗೆ ವಾಪಸ್ ಹೋಗುವುದು ಎಂದು ಗಂಡ ಹೆಂಡತಿ ತೀರ್ಮಾನ ಮಾಡಿಕೊಂಡು ಬಂದಿದ್ದಾರೆ. ನಿನ್ನೆ ಸಂಜೆ ಫೋನಿನಲ್ಲಿ, “ಇನ್ನೊಂದ್ ದಿವ್ಸ ಬನ್ನಿ ಮೇಡಂ, ನಾಳೆ ಏನಾಯ್ತದೋ ಗೊತ್ತಿಲ್ಲ” ಎಂದಿದ್ದರು. ಬರಬೇಡಿ ಎಂದಲ್ಲಿಗೆ ಹೋಗದಿದ್ದರೆ ಭಾನುವಾರದ ಪುರವಣಿ ತುಂಬುವುದು ಹೇಗೆ?

ನೂರುಲ್ಲಾರಿಗೆ ಪೆಟ್ಟಿಗೆ ಹೊಸದಲ್ಲ. ಅವರ ತಂದೆ ಗುಂಡ್ಲುಪೇಟೆಯಲ್ಲಿ ತಗಡಿನ ಟ್ರಂಕು ಮಾಡುತ್ತಿದ್ದರು. ಈ ಕಡೆಯ ಮದುವೆಗಳಲ್ಲಿ ಹೆಣ್ಣಿನ ಜೊತೆ ಒಂದು ಟ್ರಂಕು ಹೋಗುತ್ತಿದ್ದ ಕಾಲ ಅದು. ಮುಚ್ಚಳದ ಮೇಲೆ ನವಿಲು ಬರೆಯುವುದು ಅಣ್ಣಂದಿರ ಪಾಲು. ಕೀಲು, ಚಿಲಕ, ಕೊಂಡಿ ಕೂರಿಸುವುದು ನೂರುಲ್ಲಾರ ಪಾಲು. ಬೀರುಗಳು ಬಂದು ಟ್ರಂಕು ಅಟ್ಟ ಸೇರಿತು. ನೂರುಲ್ಲಾ ಶಟರ್ ರಿಪೇರಿಗೆ ಇಳಿದರು. “ನಮ್ ಅಬ್ಬಾ ಚಿಕ್ಕ ಟ್ರಂಕ್ ಮಾಡ್ತಿದ್ರು, ನಾನ್ ದೊಡ್ ಟ್ರಂಕ್ ರಿಪೇರಿ ಮಾಡ್ತೀನಿ. ಚಿಲಕ ಎಲ್ಲ ಕಡೆ ಚಿಲಕಾನೇ” ಎನ್ನುತ್ತಾರೆ.

ದೊಡ್ಡ ಟ್ರಂಕು ಮೊದಲು ಎದುರಾದದ್ದು ಬದನಗುಪ್ಪೆಯಲ್ಲಿ. ಚಾಮರಾಜನಗರದ ಹತ್ತಿರದ ಆ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಶಟರ್ ಸರಿಮಾಡಲು ಹೋಗಿದ್ದರು. ಅಂಗಳದಲ್ಲಿ ಸರಕು ತುಂಬಲು ಬಂದ ಕಂಟೇನರಿನ ಬಾಗಿಲು ಕಚ್ಚಿಕೊಂಡು, ಹಮಾಲಿಗಳು ಹ್ಯಾಂಡಲ್ಲಿಗೆ ಹಗ್ಗ ಕಟ್ಟಿ ಎಳೆಯುತ್ತಿದ್ದರು. ಇವರು ಪಟ್ಟಿ ಬಿಚ್ಚಿ ನೋಡಿದರೆ ಒಳಗಿನ ಬುಷ್ ಹಪ್ಪಳದಂತೆ ಪುಡಿಯಾಗಿತ್ತು. ಅವತ್ತು ಶಟರಿನ ಒಂದು ತುಂಡು ಪೈಪು ಕತ್ತರಿಸಿ ಹಾಕಿ ಕಳಿಸಿದರು. ಮುಂದಿನ ವಾರ ಆ ಕಾರ್ಖಾನೆಯವರೇ ಹೇಳಿ ಕಳಿಸಿದರು.

ಹಾಗೆಂದು ಎಲ್ಲ ಮೊದಲ ದಿನವೇ ಒಲಿದು ಬಂತು ಎಂದುಕೊಳ್ಳಬೇಡಿ. ನೈಲಾನ್ ಬೇಗ ಸವೆಯುತ್ತದೆ, ಹಿತ್ತಾಳೆಯದು ಹಾಕಿದರೆ ಜನ್ಮಕ್ಕೂ ಬೇಡ ಎಂಬ ಮಹಾ ಯೋಚನೆ ಬಂದು, ಲೇತ್ ಅಂಗಡಿಯ ನಿಂಗರಾಜು ಹತ್ತಿರ ಹಿತ್ತಾಳೆಯ ಬುಷ್ ಕಡೆಸಿ ಹಾಕಿದರು. ಚಿನ್ನದ ಹಾಗೆ ಹೊಳೆಯುತ್ತಿದ್ದವಂತೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬುಷ್ ಹಾಗೇ ಇತ್ತು, ರಾಡೇ ಸವೆದು ಸಣ್ಣಗಾಗಿತ್ತು. “ಬುಷ್ ಸವೀಬೇಕು ಮೇಡಂ. ಅದು ಸವೀಲಿಲ್ಲ ಅಂದ್ರೆ ಬ್ಯಾರೆ ಏನೋ ಸವೀತದೆ” ಎಂದು ಈಗ ನಗುತ್ತಾರೆ. ಆಗ ಆ ಲಾರಿಯವರು ಬೈದದ್ದನ್ನು ಪತ್ರಿಕೆಯಲ್ಲಿ ಬರೆಯುವಂತಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಅವರು ಎರಡು ಪಟ್ಟಿಗಳ ನಟ್ಟು ಬಿಚ್ಚಿದ್ದಾರೆ. ಹಳೆಯ ಬುಷ್ ಎರಡು ತುಂಡಾಗಿ ಕೈಗೆ ಬರುತ್ತದೆ, ಒಂದು ಬದಿ ದಪ್ಪ, ಇನ್ನೊಂದು ಬದಿ ಕಾಗದದಷ್ಟು ತೆಳು. ತಂತಿಯ ಬ್ರಷ್ಷಿನಲ್ಲಿ ತುಕ್ಕು ಉಜ್ಜುತ್ತಾರೆ. ಉಜ್ಜುವ ಮೊದಲು ತಿರುಗಿ ನೋಡದೆಯೇ ಒಂದು ಮಾತು ಹೇಳುತ್ತಾರೆ, “ಜಾಹಿದಾ, ಹಿಂದಕ್ಕೋಗು.” ಜಾಹಿದಾ ಡಬ್ಬವನ್ನು ಎಳೆದುಕೊಂಡು ಹಿಂದೆ ಸರಿಯುತ್ತಾರೆ. ಬೆರಳಿಗೆ ಗ್ರೀಸ್ ಹಚ್ಚಿ, ಹೊಸ ಬುಷ್ ಕೂರಿಸಿ, ಪಟ್ಟಿ ಬಿಗಿದು, ರಾಡನ್ನು ಮತ್ತೆ ಅಲ್ಲಾಡಿಸುತ್ತಾರೆ. ಸದ್ದಿಲ್ಲ. ಬೆಳಿಗ್ಗೆ ಎರಡು, ಹೆಚ್ಚೆಂದರೆ ಮೂರು ಲಾರಿ. ಆಮೇಲೆ ಮನೆಗೆ ಹೋಗಿ ತಿಂಡಿ, ನಂತರ ಊರಿನ ಶಟರುಗಳು. ಮಂಗಳವಾರ ಮಾತ್ರ ಬದನಗುಪ್ಪೆ.

ಬೆಳಿಗ್ಗೆಯೇ ಏಕೆ, ಈ ಜಾಗದಲ್ಲೇ ಏಕೆ ಎಂದರೆ ಅದಕ್ಕೆ ಕಾರಣ ಸೂರ್ಯ. ಬುಷ್ ಹಾಕಿದ ಮೇಲೆ ಬಾಗಿಲು ನಿಜವಾಗಿ ಮುಚ್ಚಿಕೊಂಡಿದೆಯೇ ಎಂದು ತಿಳಿಯಲು ಇರುವುದು ಒಂದೇ ದಾರಿ. ಒಬ್ಬರು ಒಳಗೆ ಹೋಗಬೇಕು. ಹೊರಗಿನಿಂದ ಬಾಗಿಲು ಜಡಿಯಬೇಕು. ಒಳಗಿನವರು ಕತ್ತಲಲ್ಲಿ ನಿಂತು, ಬಾಗಿಲಿನ ಸುತ್ತ ಎಲ್ಲಾದರೂ ಬೆಳಕಿನ ಚುಕ್ಕಿ ಕಾಣುತ್ತದೆಯೇ ಎಂದು ಹುಡುಕಬೇಕು. ಕಂಡರೆ ಆ ಜಾಗದಲ್ಲಿ ಒಂದು ಸಲ ತಟ್ಟುವುದು, ಹೊರಗಿನವರು ಅಲ್ಲಿ ಸೀಮೆಸುಣ್ಣದ ಗುರುತು ಹಾಕುವುದು. ಎರಡು ಸಲ ತಟ್ಟಿದರೆ ಬಾಗಿಲು ತೆಗೆಯುವುದು. ಬಾಗಿಲ ಮೇಲೆ ನೇರವಾಗಿ ಬಿಸಿಲು ಬಿದ್ದರೆ ಕೂದಲೆಳೆಯಷ್ಟು ಸಂದಿಯೂ ಅಡಗುವುದಿಲ್ಲ. ಕೇರಳದ ಕಡೆ ಮುಖ ಮಾಡಿ ನಿಂತ ಲಾರಿಗಳ ಬೆನ್ನು ಇಲ್ಲಿ ತಾನಾಗಿ ಮೂಡಣಕ್ಕೆ ಇರುತ್ತದೆ. ಮೈಸೂರು, ನಂಜನಗೂಡುಗಳಲ್ಲಿ ಸರಕು ಇಳಿಸಿ ಖಾಲಿ ಹೋಗುವ ಪೆಟ್ಟಿಗೆಗಳು ಇವು. ಬಾಗಿಲು ಸರಿಯಿಲ್ಲದಿದ್ದರೆ ಬಂದರಿನ ಬಳಿಯ ಯಾರ್ಡಿನಲ್ಲಿ ಒಂದು ಮೂಲೆಗೆ ನಿಲ್ಲಿಸಿ ಡ್ರೈವರನ್ನು ಕಾಯಿಸುತ್ತಾರೆ. ಹಾಗಾಗಿ ಗೇಟು ಬಿದ್ದಿರುವ ಹೊತ್ತಿನಲ್ಲೇ ಇಲ್ಲಿ ರಿಪೇರಿ ಮುಗಿಸಿಕೊಳ್ಳುವುದು ಎಲ್ಲರಿಗೂ ಅನುಕೂಲ.

ತೊಡಕು ಒಂದೇ. ಗೇಟು ಏಳುವುದು ಆರಕ್ಕೆ, ಸೂರ್ಯ ಏಳುವುದು ಆಮೇಲೆ. ಬೆಳಕು ನೋಡುವ ಹೊತ್ತಿಗೆ ಸರಿಯಾಗಿ ಸಾಲಿನ ಲಾರಿಗಳಿಗೆಲ್ಲ ರೆಕ್ಕೆ ಬರುತ್ತದೆ.

ಎರಡು ವರ್ಷದ ಹಿಂದೆ ನಡೆದದ್ದೂ ಅದೇ. ಆ ಲಾರಿಯ ಡ್ರೈವರ್ ಬೇಗೂರಿನ ಮಲ್ಲೇಶ್. ಇವತ್ತು ಬಾಗಿಲು ಬಿಚ್ಚಿಸಿಕೊಂಡು ನಿಂತಿರುವ ಲಾರಿಯೂ ಅವರದೇ. ಆ ಕತೆಯನ್ನು ಈ ರಸ್ತೆಯಲ್ಲಿ ಕೇಳದವರಿಲ್ಲ, ಆದರೂ ಮಲ್ಲೇಶ್ ಟೀ ಲೋಟ ಹಿಡಿದು ನನಗಾಗಿ ಇನ್ನೊಮ್ಮೆ ಹೇಳುತ್ತಾರೆ. “ತಪ್ಪು ನಂದೇಯ ಕಣಕ್ಕ. ನೂರಣ್ಣ ಬೆಳ್ಕು ನೋಡಕ್ಕೆ ಒಳಿಕ್ಕೆ ಓಗವ್ರೆ. ನಮ್ ಕ್ಲೀನರ್ ಸೋಮೇಶ ಬಾಗ್ಲಾಕವ್ನೆ. ಆಕ್ಬುಟ್ಟು ಸುಮ್ನೆ ನಿಂತ್ಕಳದ್ ಬುಟ್ಟು ಟೀ ತರಕ್ ಓಗವ್ನೆ. ನಾನ್ ಗೊರ್ಕೆ ಒಡೀತಿದ್ದೆ. ಗೇಟ್ ಆಗ್ಲೇ ಬುಟ್ಟಿದ್ರು, ಇಂದ್ಗಡೆಯೋರು ಆರ್ನ್ ಮೇಲ್ ಆರ್ನ್. ದಿಗ್ಗಂತ ಎದ್ದೆ, ಗೇರ್ ಆಕ್ದೆ, ಬುಟ್ಟೆ.”

ಸೋಮೇಶ್ ಎರಡು ಲೋಟ ಟೀ ಹಿಡಿದು ಬಂದು ನೋಡಿದರೆ ಲಾರಿಯೇ ಇಲ್ಲ. ಅವನ ಫೋನು ಲಾರಿಯಲ್ಲಿ ಚಾರ್ಜಿಗೆ ಇತ್ತು. ನೂರುಲ್ಲಾರ ಫೋನು ರಸ್ತೆಯ ಪಕ್ಕ ಚೀಲದಲ್ಲಿತ್ತು, ಅದೂ ಲಾಕ್ ಆಗಿತ್ತು. ಮಲ್ಲೇಶ್ ನಂಬರು ಯಾರಿಗೂ ಬಾಯಿಗೆ ಬರಲಿಲ್ಲ. ಸೋಮೇಶ್ ಲೋಟ ಅಲ್ಲೇ ಇಟ್ಟು, ಹಿಂದಿನ ಲಾರಿ ಹತ್ತಿ ಅಟ್ಟಿಸಿಕೊಂಡು ಹೋದ. ಕಾಡಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ, ಮುಂದಿನದನ್ನು ಹಿಂದಿಕ್ಕುವುದೂ ಸುಲಭವಲ್ಲ. “ಎರಡ್ ಟೀನೂ ನಾನೇ ಕುಡ್ದೆ. ಏನ್ ಮಾಡದು, ಆರೋಯ್ತದಲ್ಲ” ಎಂದು ಚಿಕ್ಕಮಲ್ಲಮ್ಮ ಒಲೆಯ ಹಿಂದಿನಿಂದ ತಮ್ಮ ಪಾಲು ಸೇರಿಸುತ್ತಾರೆ.

ಮಲ್ಲೇಶ್ ದನಿ ತಗ್ಗಿಸುತ್ತಾರೆ. “ಇಂದ್ಗಡೆ ದಬದಬ ಅಂತಿತ್ತು ಕಣಕ್ಕ. ನಾನು ಬುಷ್ ಸದ್ದು ಅನ್ಕಂಡೆ. ಇವತ್ ಬೆಳಿಗ್ಗೆ ತಾನೆ ಆಕ್ಸಿವ್ನಿ, ಸರಿಯಾಗ್ ಆಕಿಲ್ಲ ಈವಪ್ಪ, ವಾಪಸ್ ಬಂದು ಇಚಾರಿಸ್ಕತೀನಿ ಇರು ಅಂತ ನೂರಣ್ಣನ್ನ ಬೈಕಂಡೇ ಓಯ್ತಿದ್ದೆ.”

ಬೈಸಿಕೊಳ್ಳುತ್ತಿದ್ದ ನೂರಣ್ಣ ಒಳಗಿದ್ದರು. ಉಸಿರಿಗೆ ತೊಂದರೆಯಿರಲಿಲ್ಲ. ಪೆಟ್ಟಿಗೆಯ ಮೇಲ್ಮೂಲೆಯಲ್ಲಿ ಗಾಳಿಗೆಂದು ಸಣ್ಣ ಗೂಡು ಇರುತ್ತದೆ. ಗಾಳಿ ಬರುತ್ತದೆ, ಬೆಳಕು ಬರದ ಹಾಗೆ ಮಾಡಿರುತ್ತಾರೆ. ತೊಂದರೆ ಇದ್ದದ್ದು ಕತ್ತಲೆಯದು. ಲಾರಿ ತಿರುವುಗಳಲ್ಲಿ ವಾಲಿದಾಗ ಹಿಡಿದುಕೊಳ್ಳಲು ಏನೂ ಇಲ್ಲದೆ ಈ ಗೋಡೆಯಿಂದ ಆ ಗೋಡೆಗೆ ಉರುಳಿದರು. “ಮೊದ್ಲು ಬಾಗ್ಲು ಬಡ್ದೆ. ಆಮೇಲೆ ಸಾಕಾಗಿ ಕೂತ್ಕೊಂಡೆ. ಬೆಳಕು ಹುಡುಕ್ದೆ ಮೇಡಂ. ಎಲ್ಲಾದ್ರೂ ಒಂದ್ ಚುಕ್ಕಿ ಕಂಡ್ರೆ ಸಾಕು, ಅದುನ್ನೇ ನೋಡ್ಕೊಂಡು ಕೂತ್ಕೊಳನ ಅಂತ. ಇರ್ಲಿಲ್ಲ. ಮುಚ್ಚಿದೋನು ನಾನೇ ಅಲ್ವಾ.”

ಇಷ್ಟು ಹೇಳಿ ಅವರು ಮುಂದಿನ ನಟ್ಟಿಗೆ ಸ್ಪ್ಯಾನರ್ ಹಾಕುತ್ತಾರೆ. ಕಾಡಿನ ಆಚೆ ಮುತ್ತಂಗದ ಚೆಕ್‌ಪೋಸ್ಟಿನಲ್ಲಿ ಖಾಲಿ ಕಂಟೇನರ್ ತೆಗೆಸಿ ನೋಡಿದ ಕೇರಳದವರು ಮೂಲೆಯಲ್ಲಿ ಮುದುರಿ ಕೂತ ಮನುಷ್ಯನನ್ನು ಕಂಡು ಎರಡು ಹೆಜ್ಜೆ ಹಿಂದೆ ಹಾರಿದರಂತೆ. ಯಾರು ನೀನು ಎಂದು ಮಲಯಾಳದಲ್ಲಿ ಕೇಳಿದ್ದಕ್ಕೆ ನೂರುಲ್ಲಾರ ಬಾಯಿಂದ ಬಂದದ್ದು ಒಂದೇ ಮಾತು, “ಬುಷ್.” ಅವತ್ತಿನಿಂದ ಡ್ರೈವರುಗಳಿಗೆ ಅವರು ಬುಷ್ ನೂರಣ್ಣ. ಮಲ್ಲೇಶ್ ಅಲ್ಲೇ ರಸ್ತೆಯಲ್ಲಿ ಅವರ ಕಾಲು ಹಿಡಿದದ್ದು, ಇವರು ಅವರನ್ನು ಎಬ್ಬಿಸಿ ತಬ್ಬಿಕೊಂಡು ಅತ್ತದ್ದು, ಸೋಮೇಶ್ ತಲುಪುವ ಹೊತ್ತಿಗೆ ಇಬ್ಬರೂ ಪರೋಟ ತಿನ್ನುತ್ತಾ ಕೂತಿದ್ದದ್ದು, ಎಲ್ಲವೂ ಈಗ ನಗುವ ಸಂಗತಿಗಳು.

ಮನೆಯಲ್ಲಿ ಮಾತ್ರ ಬಹಳ ದಿನ ಯಾರೂ ನಗಲಿಲ್ಲ. ನೂರುಲ್ಲಾ ಮಲಗುವಾಗ ಬಾಗಿಲು ತೆರೆದಿಡಬೇಕಿತ್ತು. “ಬಚ್ಚಲ ಬಾಗ್ಲೂ ಹಾಕ್ತಿರ್ಲಿಲ್ಲ ಅಕ್ಕಾ. ನಾನು ಹೊರಗಡೆ ಕಾವ್ಲು” ಎಂದು ಜಾಹಿದಾ ಹೇಳಿದಾಗ ನೂರುಲ್ಲಾ, “ಅದನ್ನೆಲ್ಲ ಪೇಪರ್‌ಗೆ ಹೇಳ್ತಾರೇನೆ?” ಎಂದು ಗದರುತ್ತಾರೆ. ಬುಷ್ ಹಾಕಲು ಕೈ ನಡುಗುತ್ತಿರಲಿಲ್ಲ. ಪೆಟ್ಟಿಗೆಯ ಹೊಸಿಲು ದಾಟಲು ಮಾತ್ರ ಕಾಲು ಬರುತ್ತಿರಲಿಲ್ಲ. ಬೆಳಕು ನೋಡದ ಬಾಗಿಲನ್ನು ಸರಿಯಿದೆ ಎಂದು ಹೇಳಿ ಕಳಿಸಲು ಮನಸ್ಸು ಒಪ್ಪುತ್ತಿರಲಿಲ್ಲ. ಡ್ರೈವರುಗಳನ್ನೇ ಒಳಗೆ ಕಳಿಸಿ ನೋಡಿದರು. ಒಳಗೆ ಹೋದವನು ಹೋದಷ್ಟೇ ಬೇಗ, “ಎಲ್ಲಾ ಪಸ್ಟ್ ಕ್ಲಾಸು” ಎಂದು ಹೊರಗೆ ಬರುತ್ತಿದ್ದ. ಗೇಟು ತೆರೆದಿರುವಾಗ ಯಾರ ಕಣ್ಣಿಗೆ ಚುಕ್ಕಿ ಕಾಣುತ್ತದೆ?

ಆಗ ಜಾಹಿದಾ ಬಂದರು. ಚಾಮರಾಜನಗರದ ಗಾಳಿಪುರದ ಹೆಣ್ಣುಮಗಳು. ಮದುವೆಗೆ ಮುಂಚೆ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸ ಮಾಡಿದ್ದವರು. ಬಿಸಿನೀರಲ್ಲಿ ತೇಲುವ ಗೂಡುಗಳಿಂದ ಕಣ್ಣಿಗೆ ಕಾಣದಂಥ ಎಳೆಯ ತುದಿ ಹುಡುಕಿ ಹಿಡಿದ ಅಭ್ಯಾಸವಿತ್ತು. ಒಂದು ಬೆಳಿಗ್ಗೆ ಗಂಡನ ಮೊಪೆಡ್ಡಿನ ಹಿಂದೆ ಕೂತು ಬಂದು, ಮೊದಲು ಡ್ರೈವರಿನ ಕೈಯಿಂದ ಕೀಲಿ ಕಿತ್ತುಕೊಂಡು ಗಂಡನ ಕೈಗೆ ಕೊಟ್ಟು, ಆಮೇಲೆ ಸೀದಾ ಪೆಟ್ಟಿಗೆಯ ಒಳಗೆ ನಡೆದರು. “ನಂಗೆ ಒಳಗಡೆ ಹಾಯಾಗಿತ್ತು ಅಕ್ಕಾ. ಕುಕ್ಕರ್ ಕೂಗಲ್ಲ, ಬೆಲ್ ಕೂಗಲ್ಲ, ಇವ್ರೂ ಕೂಗಲ್ಲ.” ಎರಡು ವರ್ಷ ಈ ರಸ್ತೆಯ ಕಂಟೇನರುಗಳ ಕತ್ತಲೆಯನ್ನೆಲ್ಲ ನೋಡಿದ್ದು ಅವರ ಕಣ್ಣು. ಹೆಸರು ಮಾತ್ರ ಬುಷ್ ನೂರಣ್ಣನದು.

ಹೋದ ತಿಂಗಳು ಒಳಗೆ ನಿಂತು ಮೇಲೆ ನೋಡುವಾಗ ಚಾವಣಿಯ ತುಕ್ಕಿನ ಚಕ್ಕೆಯೊಂದು ಎಡಗಣ್ಣಿಗೆ ಬಿತ್ತು. ಸೀರೆಯ ಸೆರಗಿನಲ್ಲಿ ಉಜ್ಜಿಕೊಂಡು ಗಾಯ ದೊಡ್ಡದು ಮಾಡಿಕೊಂಡರು. ಮಗಳು ಮು‌ಬಶ್ಶಿರಾ ಬೈದು ಮೈಸೂರಿಗೆ ಕರೆದೊಯ್ದಳು. ಡಾಕ್ಟರು ಪರೀಕ್ಷೆ ಮಾಡುವಷ್ಟು ಹೊತ್ತು ನೂರುಲ್ಲಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದರು, ಲಿಫ್ಟ್ ಹತ್ತಲಾಗದೆ. ಕಣ್ಣು ಉಳಿಯಿತು. ಗೀರು ಮಾಯುತ್ತದೆ, ದೃಷ್ಟಿಗೆ ಏನೂ ಆಗುವುದಿಲ್ಲ, ಆದರೆ ವಾಸಿಯಾಗುವ ತನಕ ದೂಳಿನ ಹತ್ತಿರ ಸುಳಿಯಬೇಡಿ ಎಂದರು ಡಾಕ್ಟರು. ಹೊರಗೆ ಬಂದ ಜಾಹಿದಾ ಕೇಳಿದ ಮೊದಲ ಮಾತು, “ಬೆಳಕು ನೋಡಕ್ಕೆ ಒಂದ್ ಕಣ್ ಸಾಕಲ್ವಾ?”

“ಮದ್ವೆ ಆದ್ಮೇಲೆ ಅವತ್ತೇ ಮೊದ್ಲು ಅವ್ಳ ಮೇಲೆ ಜೋರು ಮಾಡಿದ್ದು” ಎನ್ನುತ್ತಾರೆ ನೂರುಲ್ಲಾ. “ನನ್ ಭಯಕ್ಕೆ ಅವ್ಳ ಕಣ್ಣು ಕೊಡಕ್ಕಾಯ್ತದಾ ಮೇಡಂ?” ಜಾಹಿದಾ ಏನೋ ಹುಡುಕುವವರಂತೆ ಚೀಲದೊಳಗೆ ಕೈ ಹಾಕುತ್ತಾರೆ.

ಆರಾಯಿತು. ಗೇಟು ಎದ್ದಿತು. ಒಂದೊಂದಾಗಿ ಲಾರಿಗಳು ಗುರುಗುಟ್ಟಿ, ಹೊಗೆ ಬಿಟ್ಟು, ಕಾಡಿನ ಬಾಯಿಗೆ ನುಗ್ಗುತ್ತವೆ. ಸ್ವಲ್ಪ ಹೊತ್ತಿಗೆ ರಸ್ತೆ ಬಿಕೋ ಎನ್ನುತ್ತದೆ. ಉಳಿದದ್ದು ಮಲ್ಲೇಶ್ ಲಾರಿ ಒಂದೇ. ಗೋಪಾಲಸ್ವಾಮಿ ಬೆಟ್ಟದ ಮಂಜು ಇನ್ನೂ ಕದಲಿಲ್ಲ, ಆದರೆ ಇತ್ತ ಹೊಲಗಳ ಮೇಲಿಂದ ಬಿಸಿಲು ಬಂದು ಕಂಟೇನರಿನ ಬಾಗಿಲ ಮೇಲೆ ಬಿದ್ದಿದೆ. ಕೊನೆಯ ನಟ್ಟು ಬಿಗಿದಾಯಿತು. ನೂರುಲ್ಲಾ ಕೈಯನ್ನು ಚಿಂದಿಯಲ್ಲಿ ಒರೆಸುತ್ತಾರೆ, ಒರೆಸುತ್ತಲೇ ಇದ್ದಾರೆ.

“ನಾನೂ ಬರ್ತೀನಿ ಒಳಗೆ” ಎನ್ನುತ್ತೇನೆ. ಧೈರ್ಯದ ಮಾತಲ್ಲ, ಅವರ ಮುಖ ನೋಡಲಾಗದೆ ಬಂದ ಮಾತು.

“ಬ್ಯಾಡ ಬುಡಿ ಮೇಡಂ. ಆಮೇಲೆ ನಿಮ್ಗೆ ಧೈರ್ಯ ಹೇಳದೇ ನಂಗೊಂದ್ ಕೆಲ್ಸ.”

“ನಾನೇ ಓಯ್ತೀನಿ ತಕ್ಕಳಿ ಅಣ್ಣ” ಎನ್ನುತ್ತಾರೆ ಮಲ್ಲೇಶ್. ನೂರುಲ್ಲಾ ತಲೆಯಾಡಿಸುತ್ತಾರೆ. ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಪೆಟ್ಟಿಗೆ ಹತ್ತುತ್ತಾರೆ. ಟಾರ್ಚು ಬಿಚ್ಚಿ ಹೆಂಡತಿಯ ಕೈಗೆ ಕೊಡುತ್ತಾರೆ; ಒಳಗೆ ಬೆಳಕಿದ್ದರೆ ಬೆಳಕು ಕಾಣುವುದಿಲ್ಲ. ನಮ್ಮ ಕಡೆ ತಿರುಗಿ ನಿಲ್ಲುತ್ತಾರೆ. ಜಾಹಿದಾ ಕೀಲಿಯಿರುವ ಮುಷ್ಟಿಯನ್ನು ಎತ್ತಿ ತೋರಿಸುತ್ತಾರೆ. ಮಲ್ಲೇಶ್ ತಮ್ಮ ಎರಡೂ ಖಾಲಿ ಅಂಗೈಗಳನ್ನು ತೋರಿಸುತ್ತಾರೆ. “ಹಾಕು” ಎನ್ನುತ್ತಾರೆ ನೂರುಲ್ಲಾ.

ಮೊದಲು ಎಡಗದ, ಅದರ ಮೇಲೆ ಬಲಗದ. ಹ್ಯಾಂಡಲ್ಲುಗಳು ಬೆಣ್ಣೆಯಲ್ಲಿ ತಿರುಗಿದಷ್ಟು ಮೆತ್ತಗೆ ತಿರುಗುತ್ತವೆ, ಕೊಕ್ಕೆಗಳು ಗೂಡಿನಲ್ಲಿ ಕೂರುತ್ತವೆ. ಅಷ್ಟೆ.

ಒಳಗಿನಿಂದ ಸದ್ದಿಲ್ಲ. ಒಂದು ತಟ್ಟು ಬರಬೇಕು, ಇಲ್ಲವೇ ಎರಡು. ಏನೂ ಬರುವುದಿಲ್ಲ. ಜಾಹಿದಾ ಅಂಗೈಯನ್ನು ಕದಕ್ಕೆ ಒತ್ತಿ ಹಿಡಿದಿದ್ದಾರೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಸುಲ್ತಾನ್ ಬತ್ತೇರಿಯ ಬಸ್ಸೊಂದು ಹಾರನ್ ಬಾರಿಸಿಕೊಂಡು ಹೋಗುತ್ತದೆ. ಚಿಕ್ಕಮಲ್ಲಮ್ಮ ಸೌಟು ಹಿಡಿದೇ ರಸ್ತೆಗೆ ಬಂದು ನಿಂತಿದ್ದಾರೆ. ಇಷ್ಟು ಬರೆದಿಟ್ಟುಕೊಂಡ ಲೇಖನ ಹಾಳಾದರೂ ಸರಿ, ಆ ಬಾಗಿಲು ತೆಗೆದರೆ ಸಾಕು ಎನಿಸುತ್ತದೆ.

“ತಗೀರಿ ಜಾಹಿದಕ್ಕ, ಸಾಕು” ಎನ್ನುತ್ತಾರೆ ಮಲ್ಲೇಶ್. ಅವರ ಕಣ್ಣಲ್ಲಿ ನೀರು ತುಂಬಿದೆ.

ಜಾಹಿದಾ ಕದದ ಸಂದಿಗೆ ಬಾಯಿಟ್ಟು ಮನೆಯ ಮಾತಿನಲ್ಲಿ ಕೇಳುತ್ತಾರೆ. “ಅಜೀ, ಖೋಲೂಂ ಕ್ಯಾ?” ತೆಗೆಯಲಾ?

ಡಬ್ಬಿಯ ತಳದಿಂದ ಬಂದಂತೆ ನೂರುಲ್ಲಾರ ದನಿ.

“ನಕ್ಕೋ.”

ಗುಂಡ್ಲುಪೇಟೆಯಲ್ಲಿ ಆ ಮಾತಿನ ಅರ್ಥ ಯಾರಿಗೂ ಹೇಳಿಕೊಡಬೇಕಿಲ್ಲ. ಬೇಡ. ಇನ್ನೂ ತೆಗೆಯಬೇಡ. ಮಲ್ಲೇಶ್ ನನ್ನನ್ನು ನೋಡುತ್ತಾರೆ, ನಾನು ಚಿಕ್ಕಮಲ್ಲಮ್ಮನನ್ನು ನೋಡುತ್ತೇನೆ. “ಬ್ಯಾಡ್ವಂತೆ ಕಣ್ರವ್ವಾ!” ಎಂದು ಅವರು ಸೌಟು ಎತ್ತಿ ಕೂಗುತ್ತಾರೆ. ಎದೆಯ ಮೇಲಿದ್ದ ಚಪ್ಪಡಿ ಸರಿದಂತಾಗಿ ನಾನು ರಸ್ತೆಯ ಅಂಚಿನಲ್ಲೇ ಕೂತುಬಿಡುತ್ತೇನೆ. ಜಾಹಿದಾ ನಗುತ್ತಿದ್ದಾರೆ, ನಗುತ್ತಾ ಅಳುತ್ತಿದ್ದಾರೆ, ಪಟ್ಟಿ ಒದ್ದೆಯಾಗಬಾರದೆಂದು ಡಾಕ್ಟರು ಹೇಳಿದ್ದನ್ನು ನೆನೆದು ತಲೆಯನ್ನು ಒಂದು ಬದಿಗೆ ವಾಲಿಸಿ ಬಲಗಣ್ಣಲ್ಲಿ ಮಾತ್ರ ಅಳಲು ನೋಡುತ್ತಿದ್ದಾರೆ.

ಆಗ ಕೇಳಿಸುತ್ತದೆ, ಎಡಗದದ ಕೆಳಮೂಲೆಯಲ್ಲಿ ಒಂದು ತಟ್ಟು. ಜಾಹಿದಾ ಕೂಡಲೇ ಬಗ್ಗಿ ಅಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತಾರೆ. ಮತ್ತೆ ಮೌನ, ಆದರೆ ಈ ಮೌನಕ್ಕೆ ಯಾರೂ ಹೆದರುವುದಿಲ್ಲ. ಆಮೇಲೆ ಎರಡು ತಟ್ಟು.

ಹೊರಗೆ ಬಂದ ನೂರುಲ್ಲಾರ ಅಂಗಿ ಬೆನ್ನಿಗೆ ಅಂಟಿದೆ. ಯಾರನ್ನೂ ನೋಡದೆ ಅವರು ಮೊದಲು ನೋಡಿದ್ದು ಆ ಗುರುತನ್ನು. “ಇಲ್ಲೇ. ಸಾಸ್ವೆ ಕಾಳಷ್ಟು. ಕೆಳಗಿನ ಪಟ್ಟಿ ಒಂಚೂರು ವಾಲೈತೆ.” ಕೂತು ಪಟ್ಟಿಯನ್ನು ಸಡಿಲಿಸುತ್ತಾರೆ. ಚಿಕ್ಕಮಲ್ಲಮ್ಮ ಕೊಟ್ಟ ಟೀಯನ್ನು ಒಂದೇ ಗುಟುಕಿಗೆ ಕುಡಿಯುತ್ತಾರೆ. ಒಳಗೆ ಏನಾಯಿತು ಎಂದು ಕೇಳುತ್ತೇನೆ. “ಮೊದ್ಲು ಕಣ್ ಮುಚ್ಕೊಂಡೇ ನಿಂತಿದ್ದೆ. ಆಮೇಲೆ ಕಣ್ ಬಿಟ್ಟೆ, ಚುಕ್ಕಿ ಕಾಣ್ತು. ಅರೆ, ಇದು ಇಲ್ಲಿ ಯಾಕೈತೆ, ಯಾವ್ ಪಟ್ಟೀದು ಇದು ಅಂತ ನೋಡ್ತಾ ನೋಡ್ತಾ ಹೆದ್ರಿಕೆ ಮರ್ತೇ ಹೋಯ್ತು ಮೇಡಂ.”

ಇಂಥ ಲೇಖನಗಳಲ್ಲಿ ಕೇಳಲೇಬೇಕಾದ ಪ್ರಶ್ನೆಯನ್ನೂ ಕೇಳುತ್ತೇನೆ: ನಿಮ್ಮ ಆಸೆ ಏನು? ಅವರು ಪಟ್ಟಿಯ ನಟ್ಟು ಬಿಗಿಯುತ್ತಾ ಯೋಚಿಸುತ್ತಾರೆ. “ಪ್ರಪಂಚದಲ್ಲಿ ಎಷ್ಟೋ ಕಂಟೇನರ್ ಅವೆ. ಎಲ್ಲದ್ಕೂ ಹ್ಯಾಂಡಲ್ ಹೊರಗಡೆನೇ. ಒಳಗಡೆನೂ ಒಂದ್ ಚಿಕ್ಕದು ಇಟ್ಟಿದ್ರೆ ಏನೋಗ್ತಿತ್ತು ಇವ್ರಿಗೆ? ಅದರ ಬುಷ್ ಬೇಕಾದ್ರೆ ನಾನು ಬಿಟ್ಟಿ ಹಾಕ್ಕೊಡ್ತೀನಿ.”

ನಟ್ಟು ಬಿಗಿದಾಯಿತು. ಯಾರೂ ಹೇಳುವ ಮೊದಲೇ ಅವರು ಮತ್ತೆ ಪೆಟ್ಟಿಗೆ ಹತ್ತುತ್ತಾರೆ. ಈ ಸಲ ನಮ್ಮ ಕಡೆ ತಿರುಗಿ ನಿಲ್ಲುವುದಿಲ್ಲ, ಒಳಗಿನ ಗೋಡೆಯನ್ನು ನೋಡುತ್ತಲೇ “ಹಾಕೇ” ಎನ್ನುತ್ತಾರೆ. ಜಾಹಿದಾ ಬಾಗಿಲು ಹಾಕಿ ಡಬ್ಬದ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಾರೆ. ಮಲ್ಲೇಶ್ ಮನೆಗೆ ಫೋನು ಮಾಡಿ ಬರುವುದು ತಡವಾಗುತ್ತದೆ ಎಂದು ಹೇಳುತ್ತಾರೆ. ಸಾಕಷ್ಟು ಹೊತ್ತಾದ ಮೇಲೆ, ಬೇಜಾರಾಗುವಷ್ಟು ಹೊತ್ತಾದ ಮೇಲೆ, ಎರಡು ತಟ್ಟು ಬರುತ್ತದೆ.

ಬಾಗಿಲು ತೆರೆದಾಗ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ನೂರುಲ್ಲಾರನ್ನು ನಾನು ಕೇಳುತ್ತೇನೆ, ಏನು ಕಂಡಿತು ಎಂದು.

“ಏನೂ ಕಾಣ್ಲಿಲ್ಲ ಮೇಡಂ. ಹಂಗೇ ಬರ್ಕೊಳ್ಳಿ.”